ಕಾಲು ಅಂಕದ ಕೃಪೆ

ಎಸ್ಸೆಸ್ಸೆಲ್ಸಿ ಪಾಸಾಗಲು 35 ಬೇಡ, ಶೇ 33 ಸಾಕು ಎಂದು ಸರ್ಕಾರ ಹೇಳಿದ ದಿನ ನಾನು ಪೆನ್ಸಿಲ್ ಹಿಡಿದು ಕೂತೆ. ಒಟ್ಟು 625ಕ್ಕೆ 206 ಬಂದರೆ ಪಾಸಂತೆ. ಆದರೆ 625ರ ಶೇ 33 ಎಂದರೆ 206.25. ಕಾಲು ಅಂಕ ಎಲ್ಲಿ ಹೋಯಿತು? ಇಲಾಖೆ ತನಗೆ ತಾನೇ ಕೃಪಾಂಕ ಕೊಟ್ಟುಕೊಂಡು ಪಾಸಾಗಿದೆ. ಅಭಿನಂದನೆಗಳು. 2024ರಲ್ಲಿ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಫಲಿತಾಂಶವನ್ನು 73.40ಕ್ಕೆ ಮುಟ್ಟಿಸಿದ ಕೊಡುಗೈಗೆ ಕಾಲು ಅಂಕ ಯಾವ ಲೆಕ್ಕ!

ಹೀಗೆ ದಡ ಸೇರಿದವರು ಬಿ.ಕಾಂ.ಗೆ ಬರುತ್ತಾರೆ. ಅಲ್ಲಿ ಅವರಿಗೆ ಎಂಟು ದಿನದ ಬ್ರಿಡ್ಜ್ ಕೋರ್ಸ್, ಅಂದರೆ ಹಿಂದಿನ ತರಗತಿಗಳ ಕೊರತೆ ತುಂಬುವ ಪಾಠ, ಕಾದಿರುತ್ತದೆ. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಅದರ ಉದ್ಘಾಟನೆಗೆ ಹೋಗಿದ್ದೆ. ದೀಪ, ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ ನುಡಿ ಎಂದು ಎಂಟರಲ್ಲಿ ಒಂದು ದಿನ ಅಲ್ಲೇ ಮುಗಿಯಿತು. ಸಮಾರೋಪಕ್ಕೆ ಇನ್ನೊಂದು ದಿನ. ಮುಖ್ಯ ಅತಿಥಿಗಳು ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯನನ್ನು ನೆನೆದು ಕಣ್ಣೊರೆಸಿಕೊಂಡರು. ಅವರು ಹೇಳದೆ ಬಿಟ್ಟ ಸಂಗತಿ ಒಂದಿದೆ. ಆ ಮಹಾನುಭಾವ ಒಂದು ಕಡೆ ಎಡವಿದ್ದ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದ ಹಾಗೆಯೇ ಉಳಿಯುತ್ತದೆ ಎಂದು ಬರೆದಿದ್ದ. ತಪ್ಪೆಂದು ಸಾವಿರ ವರ್ಷದಿಂದ ಪಂಡಿತರು ಆಡಿಕೊಂಡಿದ್ದಾರೆ. ಸೊನ್ನೆ ಪಾಠದ ಬ್ರಿಡ್ಜ್ ಕೋರ್ಸಿನಿಂದ ಹುಡುಗರು ಇದ್ದ ಹಾಗೆಯೇ ಹೊರಬರುವುದನ್ನು ನೋಡಿದ ಮೇಲೆ ನಾನಂತೂ ಆಚಾರ್ಯನ ಪಕ್ಷ.

ಉಳಿದ ದಿನಗಳಲ್ಲಿ ಪಾಠ ಮಾಡಿದವರು ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿದಿರುವ ನನ್ನ ಗೆಳೆಯ ಹಿಂದಿನ ಬೆಂಚಿನ ಹುಡುಗನನ್ನು ಕರೆದು 618ನ್ನು 6ರಿಂದ ಭಾಗಿಸಲು ಹೇಳಿದ. ಹುಡುಗ ಬೋರ್ಡಿನ ಮೇಲೆ 13 ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟ. ಮುಂದಿನ ಬೆಂಚು ನಕ್ಕಿತು, ಅವರಿಗೂ ಬರುತ್ತಿರಲಿಲ್ಲ.

‘ಆರು ನೂರು ರೂಪಾಯಿಯನ್ನು ಆರು ಜನಕ್ಕೆ ಹಂಚಿದರೆ?’

‘ನೂರು ಸರ್.’

‘ಇನ್ನು ಹದಿನೆಂಟು?’

‘ತಲೆಗೆ ಮೂರು.’ ಹುಡುಗ ಬೋರ್ಡನ್ನೇ ನೋಡುತ್ತ ನಿಂತ. ನಡುವೆ ಒಂದು ಸೊನ್ನೆ ಸೇರಿಸಿದ.

ಐದು ನಿಮಿಷ ಹಿಡಿಯಲಿಲ್ಲ. ನಾಲ್ಕನೇ ತರಗತಿಯಿಂದ ಇಲ್ಲಿಯವರೆಗೆ ಈ ಐದು ನಿಮಿಷ ಆ ಹುಡುಗನಿಗಾಗಿ ಯಾರ ಬಳಿಯೂ ಇರಲಿಲ್ಲ. ಹಳ್ಳಿಗಳ 14ರಿಂದ 18 ವಯಸ್ಸಿನವರಲ್ಲಿ ಇಂಥ ಭಾಗಾಕಾರ ಬರುವುದು ಶೇ 43ರಷ್ಟು ಮಂದಿಗೆ ಮಾತ್ರ ಎಂದು, ದೇಶದ ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2023ರ ವರದಿ ಹೇಳಿದಾಗ ಎರಡು ದಿನ ಸಂಪಾದಕೀಯ ಬಂತು, ಮೂರನೆಯ ದಿನ ಮರೆತೆವು. ಕಲಿಸುವುದು ಕಷ್ಟ, ಅಂಕ ಇಳಿಸುವುದು ಸುಲಭ. ಅದಕ್ಕೆ ಒಂದು ಆದೇಶ ಸಾಕು. ಇದನ್ನು ವಿದ್ಯಾರ್ಥಿಸ್ನೇಹಿ ಎಂದು ಬೇರೆ ಕರೆಯುತ್ತಾರಲ್ಲ, ನಾಚಿಕೆಯಾಗಬೇಕು. ಈ ವಿಷಯದಲ್ಲಿ ನನಗೆ ತಮಾಷೆ ಮಾಡುವ ಉತ್ಸಾಹವೂ ಹೋಗಿದೆ.

ಬ್ರಿಡ್ಜ್ ಕೋರ್ಸಿನ ವರದಿಯನ್ನು ಮೊನ್ನೆ ಗೆಳೆಯ ತೋರಿಸಿದ. ಬಣ್ಣದ ಫೋಟೊಗಳಿವೆ. ದಾಖಲಾದವರು 60, ಪ್ರಮಾಣಪತ್ರ ಪಡೆದವರು 64, ಯಶಸ್ಸು ಶೇ 106.67. ಪೆನ್ಸಿಲ್ ಹಿಡಿದು ನಾನೇ ತಾಳೆ ನೋಡಿದೆ. ಭಾಗಾಕಾರ ಸರಿಯಾಗಿದೆ.