ಪಿಕ್ಕು, ಪೆನ್ಸಿಲ್ಲು, ಹೇರ್‌ಬ್ಯಾಂಡು

ಶಾಲೆಯ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಒಂದು ಕಪ್ಪು ಹೇರ್‌ಬ್ಯಾಂಡ್ ಕಳೆದುಹೋಯಿತು. ಮಗಳ ಒಂದು ಜಡೆ ಮುಗಿದಿತ್ತು, ಇನ್ನೊಂದು ಅವಳ ಅಮ್ಮನ ಕೈಯಲ್ಲೇ ಇತ್ತು. ಮಂಚದ ಕೆಳಗೆ ನೋಡಿದ್ದಾಯಿತು, ಸೋಫಾ ಸಂದಿಯಲ್ಲಿ ಕೈ ಹಾಕಿದ್ದಾಯಿತು. ಆಮೇಲೆ ಮಗಳು ಒಂದೂ ಮಾತಾಡದೆ ನನ್ನ ರೂಮಿಗೆ ಹೋಗಿ, ಗಿಟಾರಿನ ಕುತ್ತಿಗೆಯಲ್ಲಿದ್ದ ಬ್ಯಾಂಡನ್ನು ಎಳೆದುಕೊಂಡು ಬಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ವಿಚಾರಣೆಯೇ ಇಲ್ಲದೆ ತೀರ್ಪು.

ಗಿಟಾರ್ ನುಡಿಸುವವರಿಗೆ ಇದು ಗೊತ್ತಿರುವ ಉಪಾಯವೇ. ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳಿಗೆ ಫ್ರೆಟ್ಟು ಅಂತೀವಿ. ಮೇಲಿನ ಫ್ರೆಟ್ಟುಗಳಲ್ಲಿ ಒಂದೊಂದೇ ಸ್ವರ ಬಿಡಿಸಿ ನುಡಿಸುವಾಗ, ಮುಟ್ಟದೇ ಬಿಟ್ಟ ತಂತಿಗಳು ತಮ್ಮ ಪಾಡಿಗೆ ಗುಂಯ್‌ಗುಡುತ್ತವೆ. ಮೊದಲನೇ ಫ್ರೆಟ್ಟಿನ ಹತ್ತಿರ ಒಂದು ಹೇರ್‌ಬ್ಯಾಂಡ್ ಸುತ್ತಿದರೆ ಬಾಯಿ ಮುಚ್ಚುತ್ತವೆ. ಇದಕ್ಕೆಂದೇ ಮಾಡಿದ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೊಂದು ಹೇರ್‌ಬ್ಯಾಂಡ್ ಇರುವಾಗ ಅದನ್ಯಾಕೆ ಕೊಳ್ಳಬೇಕು?

ಯೋಚಿಸಿ ನೋಡಿ, ಗಿಟಾರಿನವರ ಟಿಪ್ಸ್ ಅಂದರೆ ಬಹುಪಾಲು ಮನೆಯಲ್ಲಿ ಏನೇನು ಎತ್ತಬಹುದು ಅನ್ನುವುದರ ಪಟ್ಟಿ. ತಂತಿ ಹಾದುಹೋಗುವ ಬಿಳಿ ಪಟ್ಟಿ, ನಟ್ ಅಂತೀವಲ್ಲ, ಅದರ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತದೆ. ಬಿರಡೆ ತಿರುಗಿಸುತ್ತಲೇ ಇರುತ್ತೀರಿ, ಏನೂ ಆಗುವುದಿಲ್ಲ. ಆಮೇಲೆ ಟಿಕ್ ಅಂತ ಒಮ್ಮೆಲೇ ಜಿಗಿದು ಶ್ರುತಿ ಎಲ್ಲೋ ಹೋಗಿ ಕೂರುತ್ತದೆ. ಆ ಕಚ್ಚಿಗೆ ಪೆನ್ಸಿಲ್ ತೀಡಿದರೆ ತಂತಿ ನುಣ್ಣಗೆ ಜಾರುತ್ತದೆ, ಸೀಸದ ಕಡ್ಡಿಯಲ್ಲಿರುವುದು ಗ್ರಾಫೈಟ್ ತಾನೆ. ಅದಕ್ಕೇ ನಮ್ಮ ಮನೆಯ ಜಾಮೆಟ್ರಿ ಬಾಕ್ಸಿನಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ. ಫ್ರೆಟ್ಟಿನ ಅಂಚಿಗೆ ಕೂತ ಜಿಡ್ಡು ತೆಗೆಯಲು ಹಳೇ ಹಲ್ಲುಜ್ಜುವ ಬ್ರಶ್. ಹಳೇದು ಯಾವುದು ಅನ್ನುವುದರ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯ ಇದೆ. ಮಳೆಗಾಲಕ್ಕೆ ಗಿಟಾರ್ ಬ್ಯಾಗಿನೊಳಗೆ ಹೊಸ ಶೂ ಡಬ್ಬದಲ್ಲಿ ಬರುವ ಪುಟ್ಟ ಪೊಟ್ಟಣ. ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಕೇಪೋ, ಇಲ್ಲದಿದ್ದರೆ ತಂತಿಗಳ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲ್, ಮೇಲೊಂದು ರಬ್ಬರ್ ಬ್ಯಾಂಡ್. ಅಲ್ಲಿಗೆ ಎರಡು ಸಾಮಾನು.

ಎಲ್ಲಕ್ಕಿಂತ ಮೇಲಿನದು ತಂತಿ ಕುದಿಸುವುದು. ದಪ್ಪ ತಂತಿಗಳು ಮಂಕಾದಾಗ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿದರೆ, ಸುತ್ತುಗಳ ನಡುವೆ ಸೇರಿದ ಬೆವರು, ಜಿಡ್ಡು ಎಲ್ಲ ಬಿಟ್ಟು, ಒಂದಷ್ಟು ದಿನ ಹೊಸದರ ಹಾಗೆ ನುಡಿಯುತ್ತವೆ. ಬೇಸ್ ಗಿಟಾರಿನವರು ತುಂಬಾ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ, ಆ ತಂತಿಗಳ ಬೆಲೆ ಹಾಗಿದೆ. ಯಾವ ಪಾತ್ರೆಯಲ್ಲಿ ಕುದಿಸಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಸಾರಿನ ಪಾತ್ರೆಯಲ್ಲಂತೂ ಅಲ್ಲ.

ಇದೆಲ್ಲದರ ಹಿಂದೆ ಒಂದು ತತ್ವ ಇದೆ ಅಂತ ನನಗೆ ಬಹಳ ಕಾಲದಿಂದ ಗುಮಾನಿ. ಅದಕ್ಕೆ ಬರುತ್ತೇನೆ. ಮೊದಲು ದೊಡ್ಡವರ ವಿಷಯ ಹೇಳಿಬಿಡುತ್ತೇನೆ, ನನ್ನನ್ನೊಬ್ಬನನ್ನೇ ಕಳ್ಳ ಅನ್ನಬಾರದು ನೋಡಿ.

ಇಂಗ್ಲೆಂಡಿನ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ ಹುಡುಗನಾಗಿದ್ದಾಗ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. 1963ರಲ್ಲಿ ಅಪ್ಪನ ಜೊತೆ ಸೇರಿ ತಾನೇ ಮಾಡಲು ಕೂತ. ಕುತ್ತಿಗೆಗೆ ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ತಂತಿ ಎಳೆದು ಬಿಡುವ ಸನ್ನೆಕೋಲಿಗೆ ಹಳೇ ಮೋಟರ್‌ಸೈಕಲ್ಲಿನ ಸ್ಪ್ರಿಂಗು. ಸನ್ನೆಕೋಲಿನ ತುದಿಗೆ ಅಮ್ಮನ ಹೆಣಿಗೆ ಕಡ್ಡಿ. ಫ್ರೆಟ್ಟುಗಳ ನಡುವಿನ ಬಿಳಿ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬದ ಮುತ್ತಿನಚಿಪ್ಪಿನ ಗುಂಡಿಗಳು. ಜೀವಮಾನವಿಡೀ ನುಡಿಸಿದ್ದು ಹೆಚ್ಚಾಗಿ ಅದೇ ಗಿಟಾರನ್ನು, ಅದೂ ತಂತಿ ಮೀಟುವ ಪುಟ್ಟ ಬಿಲ್ಲೆ, ಪಿಕ್ಕಿನ ಬದಲು ಆರು ಪೆನ್ಸಿನ ಹಳೇ ನಾಣ್ಯದಲ್ಲಿ. 2007ರಲ್ಲಿ ಅದೇ ಮನುಷ್ಯ ಖಭೌತವಿಜ್ಞಾನದಲ್ಲಿ ಡಾಕ್ಟರೇಟ್ ಕೂಡ ಮುಗಿಸಿದ. ಅಷ್ಟಾದ ಮೇಲೆ ಹೆಣಿಗೆ ಕಡ್ಡಿ ಏನಾಯ್ತು ಅಂತ ಯಾವ ತಾಯಿ ತಾನೇ ಕೇಳುತ್ತಾಳೆ?

ಬರ್ಮಿಂಗ್‌ಹ್ಯಾಮಿನ ಗಿಟಾರ್ ವಾದಕ ಟೋನಿ ಐಯೋಮಿ ಪಾತ್ರೆ ತೊಳೆಯುವ ಜಾಗಕ್ಕೇ ಕೈಹಾಕಿದ. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ತಂತಿ ಒತ್ತಬೇಕಾದದ್ದೇ ಆ ಕೈಯಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ಜೋರಾಗಿ ಒತ್ತಲು ಆಗದ್ದರಿಂದ ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿ ತಂತಿ ಸಡಿಲ ಮಾಡಿಕೊಂಡ. ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಆ ಭಾರದ ಸದ್ದಿನ ಅರ್ಧ ಪುಣ್ಯ ಆ ಬಾಟಲಿಗೆ ಸೇರಬೇಕು. ಅಮೆರಿಕದ ಗಿಟಾರ್ ವಾದಕ ಡ್ವೇನ್ ಆಲ್ಮನ್ ತಂತಿಯ ಮೇಲೆ ಜಾರಿಸುತ್ತಿದ್ದದ್ದು ನೆಗಡಿ ಮಾತ್ರೆಯ ಖಾಲಿ ಸೀಸೆ. ಒಟ್ಟಿನಲ್ಲಿ ಹೊಲಿಗೆ ಡಬ್ಬ, ಬಚ್ಚಲು, ಔಷಧಿ ಡಬ್ಬ, ಏನನ್ನೂ ಬಿಟ್ಟವರಲ್ಲ.

ಪಿಕ್ಕಿನ ಮಾತು ಬಂತು. ಪಿಕ್ಕು ಎಲ್ಲಿ ಹೋಗುತ್ತದೆ ಅನ್ನುವುದು ಗೊತ್ತಿರುವ ವಿಷಯ. ಅರ್ಧ ಸೋಫಾದೊಳಗೆ, ಅರ್ಧ ಗಿಟಾರಿನ ಹೊಟ್ಟೆಯೊಳಗೆ. ಹೊಟ್ಟೆಯೊಳಗೆ ಬಿದ್ದದ್ದನ್ನು ತೆಗೆಯಲು ಒಳ್ಳೆಯ ಉಪಾಯವೂ ಇದೆ. ಸುಮ್ಮನೆ ಬೋರಲು ಹಾಕಿ ಅಲ್ಲಾಡಿಸಿದರೆ ದಿನವೆಲ್ಲ ಅಲ್ಲಾಡಿಸುತ್ತಿರಬೇಕು. ಗಿಟಾರನ್ನು ಅಂಗಾತ ಹಿಡಿದು ಮೆಲ್ಲಗೆ ಓರೆ ಮಾಡುತ್ತಾ, ಪಿಕ್ಕನ್ನು ತೂತಿನ ನೇರ ಕೆಳಕ್ಕೆ ತರಬೇಕು. ಬಂತು ಅಂತ ಕಂಡ ತಕ್ಷಣ ಒಂದೇ ಏಟಿಗೆ ತಿರುಗಿಸಬೇಕು. ಮನೆಯಲ್ಲಿ ಒಬ್ಬನೇ ಇದ್ದರೆ ಅರ್ಧ ನಿಮಿಷದ ಕೆಲಸ.

ಜನ ಇದ್ದರೆ ಕಥೆ ಬೇರೆ. ಒಮ್ಮೆ ನಮ್ಮ ಮನೆಯಲ್ಲೇ ನಾಮಕರಣ. ಊಟ ಆಗಿ, ಎಲೆ ಅಡಿಕೆ ತಟ್ಟೆ ಹಾಲ್‌ನಲ್ಲಿ ಓಡಾಡುತ್ತಿತ್ತು. ಜಮಖಾನದ ಮೇಲೆ ಕೆಲವರು ಆಗಲೇ ಕಾಲು ಚಾಚಿದ್ದರು. ಯಾರೋ "ಒಂದು ಹಾಡು ನುಡಿಸೋ" ಅಂದರು. ಎತ್ತಿಕೊಂಡೆ, ಶ್ರುತಿ ಮಾಡಿದೆ, ಎರಡು ಸಲ ಮೀಟುವಷ್ಟರಲ್ಲಿ ಪಿಕ್ಕು ಒಳಗೆ ಬಿತ್ತು. ತಿರುಗಿಸಬೇಕು ಅನ್ನುವಷ್ಟರಲ್ಲಿ ದೊಡ್ಡಪ್ಪ ಎದ್ದು ಬಂದರು. ಜೀವನವೆಲ್ಲ ಕರೆಂಟಿನ ಕೆಲಸ ಮಾಡಿದವರು. ಯಾವ ಸಾಮಾನನ್ನಾದರೂ ಮೊದಲು ಬಿಚ್ಚಿ ನೋಡಬೇಕು ಅನ್ನುವುದು ಅವರ ಸಿದ್ಧಾಂತ.

"ಇದಕ್ಕೆ ಹಿಂದೆ ಸ್ಕ್ರೂ ಎಲ್ಲಿದೆ?"

"ಸ್ಕ್ರೂ ಇಲ್ಲ ದೊಡ್ಡಪ್ಪ, ಅಂಟು ಹಾಕಿರೋದು."

"ಅಂಟು ಹಾಕಿದ್ರೆ ರಿಪೇರಿ ಹೆಂಗೆ ಮಾಡ್ತಾರೋ? ಇದೇನು ಮಾಡಿದಾರೋ ಇವರು!" ಅವರ ಬೇಸರ ಗಿಟಾರ್ ಮಾಡಿದವರ ಮೇಲೆ ತಿರುಗಿತು.

ಭಾವ ವ್ಯಾಕ್ಯೂಮ್ ಕ್ಲೀನರ್ ತರಿಸೋಣ ಅಂದರು. ಅವರ ಮನೆಯಲ್ಲಿ ಒಂದಿದೆ ಅಂತ ಎಲ್ಲರಿಗೂ ಗೊತ್ತಾಗಲಿ ಅನ್ನುವುದೂ ಅದರಲ್ಲಿತ್ತು. ಯಾರೋ ಅಡಿಕೋಲಿನ ತುದಿಗೆ ಗಮ್‌ಟೇಪ್ ಸುತ್ತಿ ತಂದರು. ಅದು ಒಳಗೆ ಹೋಯಿತು, ಟೇಪು ಒಳಗೇ ಉಳಿಯಿತು. ಒಬ್ಬ ಪುಟ್ಟ ಹುಡುಗ ತಂತಿಗಳ ನಡುವೆ ಕೈ ತೂರಿಸಿ, ಹೊರಗೆ ತೆಗೆಯಲಾಗದೆ ಅಳಲು ಶುರುಮಾಡಿದ. ಮೂರು ತಂತಿ ಸಡಿಲ ಮಾಡಿ ಅವನನ್ನು ಬಿಡಿಸಿದೆವು. ಅವರಮ್ಮ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೈ ಹಾಕು ಅಂತ ನಾನು ಹೇಳಿದ್ದೆನೇ?

ಕೊನೆಗೆ ಚಿಕ್ಕಮ್ಮ "ಕೊಡಿಲ್ಲಿ" ಅಂತ ಗಿಟಾರನ್ನು ಇಸಕೊಂಡು, ನೆಲದ ಮೇಲೆ ಕೂತು, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಬೋರಲು ಹಿಡಿದು ಕೇರಿದರು. ಗಿಟಾರ್ ಹೀಗೆ ಹಿಡಿಯುವುದನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಫಲ ಬಂತು. ಮೊದಲು ಒಂದು ತಂತಿಯ ಚೂರು. ಆಮೇಲೆ ಗುಂಡುಪಿನ್ನು. ಆಮೇಲೆ ನಾಲ್ಕಾಣೆ. ಹುಡುಗರೆಲ್ಲ ಸುತ್ತ ಕೂತರು. ನಂತರ ಒಂದು ಚಿಕ್ಕ ಹಳದಿ ಸಾಮಾನು ಟಣ್ ಅಂತ ಬಿದ್ದು ಜಮಖಾನದ ಮೇಲೆ ಉರುಳಿತು. ಓಲೆಯ ತಿರುಪು. ಬಂಗಾರದ್ದು.

ಅದು ಅತ್ತಿಗೆಯದ್ದು. ಹಿಂದಿನ ವರ್ಷದ ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಕಳೆದುಕೊಂಡಿದ್ದರು. "ನಿಮ್ಮನೆ ಕೆಲಸದವಳು ಗುಡಿಸಿಕೊಂಡು ಹೋಗಿರ್ತಾಳೆ ಬಿಡಿ" ಅಂತ ಆಗಲೂ ಹೇಳಿದ್ದರು, ಆಮೇಲೆ ಯಾವ ಮದುವೆ ಮುಂಜಿಯಲ್ಲಿ ಸಿಕ್ಕಿದರೂ ಹೇಳುತ್ತಿದ್ದರು. ಆ ಹೆಂಗಸು ಅವತ್ತು ಹಿತ್ತಿಲಲ್ಲಿ ನಾಮಕರಣದ ಪಾತ್ರೆಗಳನ್ನೇ ತೊಳೆಯುತ್ತಿದ್ದರು. ಅತ್ತಿಗೆ ತಿರುಪನ್ನು ಎತ್ತಿ ಪರ್ಸಿಗೆ ಹಾಕಿಕೊಂಡು, "ಅಯ್ಯೋ, ಇದರೊಳಗೆ ಹೇಗೆ ಸೇರ್ಕೊಂತೋ!" ಅಂತ ಗಿಟಾರಿನ ಕಡೆ ಅನುಮಾನದಿಂದ ನೋಡಿದರು. ಅಷ್ಟೇ. ಹಿತ್ತಿಲ ಕಡೆ ಯಾರೂ ಹೋಗಲಿಲ್ಲ. ನನ್ನ ಹೆಂಡತಿ ಆಮೇಲೆ ಹೋಗಿ ಹೇಳಿದಳು. "ಸಿಕ್ತಲ್ಲ ಬಿಡಿ ಅಕ್ಕ" ಅಂದರಂತೆ.

ಪಿಕ್ಕು ಬಂತಾ ಅಂತ ಕೇಳುತ್ತೀರಿ. ಬಂತು, ಎಲ್ಲರೂ ಕಾಫಿಗೆ ಎದ್ದ ಮೇಲೆ. ಹಾಡು ಕೇಳಿದ್ದು ಯಾರು ಅನ್ನುವುದೇ ಯಾರಿಗೂ ನೆನಪಿರಲಿಲ್ಲ.

ಈಗ ತತ್ವದ ವಿಷಯ. ಹೇಳಬೇಕೆಂದರೆ ಮೊದಲು ಶ್ರುತಿಯಿಂದ ಶುರುಮಾಡಬೇಕು. ಟಿಪ್ಸ್ ಕೊಡುವ ಮಹಾನುಭಾವರೆಲ್ಲ ಮೊದಲು ಹೇಳುವುದು "ಗಿಟಾರ್ ಸರಿಯಾಗಿ ಟ್ಯೂನ್ ಮಾಡಿ" ಅಂತ. ನನಗೆ ಮೈಯುರಿಯುವುದು ಇಲ್ಲೇ. ಐದನೇ ಫ್ರೆಟ್ ಒತ್ತಿ ಮುಂದಿನ ತಂತಿಗೆ ಹೊಂದಿಸುತ್ತಾ ಹೋಗಿ, ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ನಾಲ್ಕನೆಯದು. ಎಲ್ಲ ಸರಿಯಾಯಿತು ಅಂತ ಇ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಹಿಡಿದರೆ ಏನೋ ಕಿರಿಕಿರಿ. ಅದನ್ನು ಸರಿಮಾಡಿದರೆ ಇನ್ನೊಂದು ಕಾರ್ಡ್ ಕೆಡುತ್ತದೆ. ನಮ್ಮ ಅಮ್ಮ ಸಂಗೀತ ಕಲಿತವರು. ಗಿಟಾರ್ ಬಗ್ಗೆ ಏನೂ ಗೊತ್ತಿಲ್ಲ. ಅಡುಗೆಮನೆಯಿಂದಲೇ "ಗಾಂಧಾರ ಸ್ವಲ್ಪ ಮೇಲಿದೆ ಕಣೋ" ಅನ್ನುತ್ತಾರೆ. ಇದೆ, ನಿಜ. ಗಿಟಾರಿನ ಫ್ರೆಟ್ಟುಗಳು ಹನ್ನೆರಡು ಸ್ವರಸ್ಥಾನಗಳನ್ನು ಸಮಪಾಲು ಮಾಡಿ ಕೂರಿಸಿದವು. ಒಂದೊಂದು ಪಾಲನ್ನು ಮತ್ತೆ ನೂರು ಚೂರು ಮಾಡಿದರೆ, ಗಿಟಾರಿನ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು 14 ಚೂರು ಮೇಲೆ. ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಹುಟ್ಟುವ ಅಂತರ ಗಾಂಧಾರವನ್ನು ಕೇಳಿ ಬೆಳೆದ ಕಿವಿಗೆ ಅದು ಚುಚ್ಚದೆ ಇರುತ್ತದಾ? "ಟ್ಯೂನರ್‌ನಲ್ಲಿ ಹಸಿರು ಬಂತು, ಸರಿಯಿದೆ" ಅನ್ನುವವರನ್ನು ನಮ್ಮ ಅಮ್ಮನ ಮುಂದೆ ಕೂರಿಸಬೇಕು.

ತಂಬೂರಿಯವರ ಉಪಾಯವಂತೂ ಇನ್ನೂ ಸೊಗಸು. ತಂತಿಗಳನ್ನು ಹೊತ್ತ ಪಟ್ಟಿಗೆ ಕುದುರೆ ಅಂತ ಹೆಸರು. ಅದರ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ, ಜೀವಾಳ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಹೋದರೆ ಒಂದು ಕಡೆ ಇಡೀ ತಂಬೂರಿ ಝೇಂಕರಿಸುತ್ತದೆ. ಅವರು ದಾರ ಹಾಕಿ ಬರಿಸುವ ಅದೇ ಝೇಂಕಾರವನ್ನು ನಾವು ಗಿಟಾರಿನವರು ತಂತಿ ಫ್ರೆಟ್ಟಿಗೆ ತಾಗುತ್ತಿದೆ ಅಂತ ದುಡ್ಡು ಕೊಟ್ಟು ತೆಗೆಸುತ್ತೇವೆ. ಇಲ್ಲಿಗೆ ತತ್ವ ಬರಬೇಕಿತ್ತು. ಆದರೆ ಎಫ್ ಕಾರ್ಡ್ ಬಗ್ಗೆ ಹೇಳದೆ ಮುಂದೆ ಹೋದರೆ ಕಲಿಯುವ ಹುಡುಗರು ಕ್ಷಮಿಸುವುದಿಲ್ಲ.

ಐದೇ ನಿಮಿಷದಲ್ಲಿ ಎಫ್ ಕಲಿಯಿರಿ ಅಂತ ನಗುನಗುತ್ತಾ ಹೇಳುವವರಿದ್ದಾರಲ್ಲ, ಅವರ ಬೆರಳುಗಳೆಲ್ಲ ಉದ್ದ. ತೋರುಬೆರಳನ್ನು ಮೊದಲನೇ ಫ್ರೆಟ್ಟಿನಲ್ಲಿ ಆರೂ ತಂತಿಗೆ ಅಡ್ಡ ಇಟ್ಟು ಒತ್ತಬೇಕು. ಒಂದು ತಂತಿ ನುಡಿಯುತ್ತದೆ, ಇನ್ನೊಂದು ಟಪ್ ಅನ್ನುತ್ತದೆ, ಬೆರಳಿನ ಗೆಣ್ಣಿನ ಸಂದಿಗೆ ಸಿಕ್ಕಿದ ತಂತಿ ಏನೂ ಅನ್ನುವುದಿಲ್ಲ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಮೆತ್ತನೆಯ ಭಾಗದ ಬದಲು ಅಂಚಿನ ಗಟ್ಟಿ ಭಾಗ ತಾಗಲಿ. ಹೆಬ್ಬೆರಳಲ್ಲಿ ಹಿಂಡಬೇಡಿ, ತೋಳಿನ ಭಾರದಿಂದ ಹಿಂದಕ್ಕೆ ಎಳೆಯಿರಿ. ಮೊದಲು ಇದೇ ಆಕಾರವನ್ನು ಐದನೇ ಫ್ರೆಟ್ಟಿನಲ್ಲಿ ಹಿಡಿದು ಅಭ್ಯಾಸ ಮಾಡಿ, ಅಲ್ಲಿ ಸಲೀಸು.

ಇಷ್ಟಾದರೂ ಬರದಿದ್ದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ಮೊದಲನೇ ಫ್ರೆಟ್ಟಿಗೆ ಕೇಪೋ ಹಾಕಿ ಎರಡನೆಯದರಲ್ಲಿ ಇದೇ ಕಾರ್ಡ್ ಹಿಡಿದು ನೋಡಿ. ಒಮ್ಮೆಲೇ ಬೆಣ್ಣೆಯಾಯಿತು ಅಂದರೆ ನಟ್ಟಿನ ಕಚ್ಚು ಆಳ ಸಾಲದು, ತಂತಿ ಎತ್ತರದಲ್ಲಿ ನಿಂತಿದೆ ಅಂತ ಅರ್ಥ. ಅಗ್ಗದ ಗಿಟಾರುಗಳಲ್ಲಿ ಇದು ಮಾಮೂಲು. ಮಾರುವವರು ಇದನ್ನು ಹೇಳುವುದಿಲ್ಲ, "ಪ್ರಾಕ್ಟೀಸ್ ಮಾಡಿ ಸಾರ್" ಅನ್ನುತ್ತಾರೆ. ಮಕ್ಕಳು ಬೆರಳು ನೋಯಿಸಿಕೊಂಡು, ನನಗೆ ಸಂಗೀತ ಬರಲ್ಲ ಅಂತ ಬಿಟ್ಟುಬಿಡುತ್ತವೆ. ರಿಪೇರಿಯವನು ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿದರೆ ಮುಗಿಯುವ ಕೆಲಸ. ನೀವೇ ಉಜ್ಜಲು ಹೋಗಬೇಡಿ, ಜಾಸ್ತಿ ಇಳಿದರೆ ಹೊಸ ನಟ್ಟೇ ಹಾಕಿಸಬೇಕು.

ನನ್ನದನ್ನೂ ಕೊಟ್ಟು ಮಾಡಿಸಿಕೊಂಡು ಬಂದೆ. ಎಫ್ ಈಗ ಗಂಟೆಯ ಹಾಗೆ ನುಡಿಯುತ್ತದೆ. ಇಷ್ಟು ವರ್ಷ ನನ್ನ ಸಂಗೀತ ಮುಂದೆ ಹೋಗದೇ ಇರುವುದಕ್ಕೆ ಎಫ್ ಕಾರಣ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಸದ್ಯಕ್ಕೆ ಬಿ ಮೈನರ್ ಅಂತ ಹೇಳುತ್ತಿದ್ದೇನೆ.