ಆರು ನಿಮಿಷದ ತಾರಪಾ

ಹೋದ ನವೆಂಬರಿನಲ್ಲಿ ಮುಂಬೈಯ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಇಲ್ಲಿನ ಆರೆ ಕಾಲೋನಿಯ ಒಂದು ಪಾಡಾದಿಂದ, ಅಂದರೆ ಆದಿವಾಸಿ ಹಾಡಿಯಿಂದ, ವಾರ್ಲಿ ಬುಡಕಟ್ಟಿನ ತಾರಪಾ ಕುಣಿತದ ತಂಡ ಬಂದಿತ್ತು. ಐದಕ್ಕೇ ಬನ್ನಿ ಎಂದಿದ್ದೆವು. ಪಾಪ, ನಾಲ್ಕೂವರೆಗೇ ಬಂದು ಮೆಟ್ಟಿಲ ಮೇಲೆ ಕೂತರು. ಹಾರ, ಶಾಲು, ಭಾಷಣ ಮುಗಿದು ಅವರ ಸರದಿ ಬಂದಾಗ ಒಂಬತ್ತೂಕಾಲು. ನಿರೂಪಕಿ "ಈಗ ಆದಿವಾಸಿ ನೃತ್ಯ" ಎಂದಳು, ಅಷ್ಟೇ. ಆರು ನಿಮಿಷದಲ್ಲಿ ಮುಗಿಸಿ, ಊಟಕ್ಕೆ ಹೊತ್ತಾಯ್ತು ಅಂತ ಚೀಟಿ ಹೋಯಿತು. ಚೀಟಿ ಬರೆದವನು ನಾನೇ.

ತಾರಪಾ ಅಂದರೆ ಒಣಗಿದ ಸೋರೆ ಬುರುಡೆಗೆ ಬಿದಿರಿನ ಕೊಳವೆ ಸಿಕ್ಕಿಸಿ, ಜೇನುಮೇಣ ಹಚ್ಚಿ ಮಾಡಿದ ಉದ್ದನೆಯ ವಾದ್ಯ. ಊದುವವನು ನಡುವೆ, ಉಳಿದವರು ಒಬ್ಬರ ಸೊಂಟ ಒಬ್ಬರು ಹಿಡಿದು ಹಾವಿನ ಹಾಗೆ ಸುತ್ತುತ್ತಾರೆ. ನಾವೋ, ವಿಡಿಯೋ ಚೆನ್ನಾಗಿ ಬರಲಿ ಅಂತ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆವು. ಊದುವ ಕಾಕಾ ಮೂಲೆಗೆ, ಸ್ಪೀಕರ್ ಪಕ್ಕಕ್ಕೆ. ಹಿಂದೆ ಫ್ಲೆಕ್ಸಿನಲ್ಲಿ ದೊಡ್ಡದಾಗಿ ವಾರ್ಲಿ ಚಿತ್ರ. ಅದರಲ್ಲಿ ಮಾತ್ರ ತಾರಪಾ ನಡುವೆ ಇತ್ತು, ಸುತ್ತ ಬಳಸಿ ಜನ ಕುಣಿಯುತ್ತಿದ್ದರು!

ಬೇರೆಯವರ ಕಾರ್ಯಕ್ರಮದಲ್ಲಿ ಯಕ್ಷಗಾನಕ್ಕೆ ಹತ್ತು ನಿಮಿಷ ಕೊಟ್ಟು, ಭಾಗವತರನ್ನು ಪರದೆ ಹಿಂದೆ ಕೂರಿಸಿದರೆ ನಾವು ಸುಮ್ನೆ ಇರುತ್ತೇವಾ? ವಾಟ್ಸಾಪ್ ಗ್ರೂಪು ಉರಿದುಹೋಗುತ್ತದೆ.

"ಅವರನ್ನೂ ಕರೆದೆವಲ್ಲ" ಅನ್ನುತ್ತಾರೆ ಕೆಲವರು. ಕರೆಯೋಕೆ ನಾವ್ಯಾರು? ನಾವು ಹೊಟ್ಟೆಪಾಡಿಗೆ ಬಂದವರು. ಆರೆ ಹಾಲಿನ ಕಾಲೋನಿ ಆದದ್ದೇ 1949ರಲ್ಲಿ, ವಾರ್ಲಿಗಳು ಅದಕ್ಕೂ ಮೊದಲಿನವರು. 2019ರಲ್ಲಿ ಮೆಟ್ರೋ ಶೆಡ್ಡಿಗೆ ಅಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮರ ಬಿದ್ದಾಗ ನಮ್ಮ ಸಂಘದಿಂದ ಒಂದು ಮಾತೂ ಬರಲಿಲ್ಲ. ಫ್ಲೆಕ್ಸಿಗೆ ಚಿತ್ರ ಮಾತ್ರ ಬೇಕು. ಆ ಚಿತ್ರವೂ ಮೂಲದಲ್ಲಿ ಮದುವೆ ಮನೆಯ ಗೋಡೆಗೆ ಮುತ್ತೈದೆಯರು ಅಕ್ಕಿಹಿಟ್ಟಿನಲ್ಲಿ ಬರೆಯುತ್ತಿದ್ದದ್ದು.

ಈ ಸಲ ಮೊದಲೇ ಪಾಡಾಕ್ಕೆ ಹೋದೆ. ದಿನ ನೀವೇ ಹೇಳಿ, ಸಂಭಾವನೆ ಆರ್ಕೆಸ್ಟ್ರಾದವರಿಗೆ ಕೊಟ್ಟಷ್ಟೇ, ಊಟ ಎಲ್ಲರ ಜೊತೆ ಪಂಕ್ತಿಯಲ್ಲಿ ಅಂದೆ. ಕಮಿಟಿಯಲ್ಲಿ ಇದಿನ್ನೂ ಪಾಸಾಗಿಲ್ಲ, ಜಗಳ ಇದೆ. ಕಾಕಾ ದುಡ್ಡಿನ ಮಾತಿಗೆ ತಲೆಯಾಡಿಸಿದರು. ಸ್ಟೇಜ್ ಬೇಡ, ಹೊರಗೆ ಮೈದಾನ ಇದೆಯಲ್ಲ, ಅಲ್ಲೇ ಆಗಲಿ ಅಂದರು. ಆಮೇಲೆ ಬುರುಡೆಯ ಮೇಣ ಒತ್ತುತ್ತಾ ಕೇಳಿದರು:

"ನಿಮ್ಮವರು ಬಂದು ಕೈ ಹಿಡಿಯುತ್ತಾರಾ, ಇಲ್ಲ ಕುರ್ಚಿಯಲ್ಲೇ ಕೂರುತ್ತಾರಾ?"

ಭಾನುವಾರ ಮೀಟಿಂಗಿದೆ. ಕೇಳಿ ಹೇಳ್ತೀನಿ ಅಂದು ಬಂದಿದ್ದೇನೆ.