ರಾಜ್ ಪನ್ನು ಪ್ರೀಮಿಯರ್ ಆಗಿರಲಿಲ್ಲ: ಒಂದು ಸ್ಪಷ್ಟನೆ

'ಕೆನಡಾದಲ್ಲಿ ಪ್ರಾಂತ್ಯದ ಪ್ರೀಮಿಯರ್ ಆದ ಮೊದಲ ಭಾರತೀಯ ಮೂಲದವರು ಮೇಷ್ಟ್ರು ರಾಜ್ ಪನ್ನು' ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಪ್ರೀಮಿಯರ್ ಅಂದರೆ ನಮ್ಮಲ್ಲಿ ಮುಖ್ಯಮಂತ್ರಿ ಇದ್ದಹಾಗೆ. 2000ದ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಆ ಕುರ್ಚಿಗೆ ಬಂದ ಮೊದಲ ಭಾರತೀಯ ಮೂಲದವರು ಉಜ್ಜಲ್ ದೋಸಾಂಜ್. ಅವರು ವಕೀಲರು.

ಪನ್ನು ಅವರದು ಇನ್ನೊಂದು ಪ್ರಾಂತ್ಯ, ಆಲ್ಬರ್ಟಾ. ಪಂಜಾಬಿನಿಂದ ಹೋಗಿ ಮೊದಲು ವೈಟ್‌ಕೋರ್ಟ್ ಎಂಬ ಚಿಕ್ಕ ಊರಿನಲ್ಲಿ ಪಾಠ ಹೇಳಿದರು. ಆಮೇಲೆ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. 1997ರಲ್ಲಿ, ಅರವತ್ತು ದಾಟಿದ ಮೇಲೆ, ಎಡ್ಮಂಟನ್-ಸ್ಟ್ರಾಥ್‌ಕೋನಾ ಕ್ಷೇತ್ರದಿಂದ ಪ್ರಾಂತ್ಯದ ಶಾಸಕರಾಗಿ ಗೆದ್ದರು. 2000ದಲ್ಲಿ ನ್ಯೂ ಡೆಮಾಕ್ರಟಿಕ್ ಪಕ್ಷದ ಪ್ರಾಂತೀಯ ನಾಯಕರಾದರು. ದೋಸಾಂಜ್ ಅವರ ಪಕ್ಷವೂ ಅದೇ, ವರ್ಷವೂ ಅದೇ. ಗೊಂದಲ ಇಲ್ಲೇ ಹುಟ್ಟಿರಬೇಕು, ಅಲ್ವಾ?

ಆದರೆ ಆಗ ಆಲ್ಬರ್ಟಾದ ಪ್ರೀಮಿಯರ್ ರಾಲ್ಫ್ ಕ್ಲೈನ್. 2001ರ ಚುನಾವಣೆಯಲ್ಲಿ 83 ಸೀಟುಗಳ ಪೈಕಿ ಪನ್ನು ಪಕ್ಷಕ್ಕೆ ಸಿಕ್ಕಿದ್ದು ಎರಡೇ. ಇಬ್ಬರೇ ಇದ್ದರೂ ಸದನದಲ್ಲಿ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಇದೇ. ಅವರಿಗೆ ಸುಮ್ನೆ ಇಲ್ಲದ ಪದವಿ ಅಂಟಿಸಬೇಕಾಗಿಲ್ಲ. 2004ರಲ್ಲಿ ನಾಯಕತ್ವ ಬಿಟ್ಟರು, 2008ರವರೆಗೆ ಶಾಸಕರಾಗಿದ್ದರು. ಆ ಸಂದೇಶ ಹಂಚಿದವರು ದಯವಿಟ್ಟು ತಿದ್ದಿ.